ಊದುವ ಬಾಯಿ

ಯಂತ್ರ ಕೀಂಯ್ ಎಂದಿತು. ಕೆಂಪು ದೀಪ ಹತ್ತಿಕೊಂಡಿತು.

"ಸರಿಯಾಗಿ ಬಂದಿಲ್ಲ ಅನ್ಸುತ್ತೆ. ಇನ್ನೊಂದ್ಸಲ ಊದಿ, ಕದಿರಮ್ಮ," ಎಂದಳು ಸುನಂದ. ಯಂತ್ರವನ್ನು ಮತ್ತೆ ಅವಳ ಬಾಯಿಯ ಹತ್ತಿರ ಹಿಡಿದಳು.

ಕದಿರಮ್ಮ ಕೆನ್ನೆ ಉಬ್ಬಿಸಿ ಊದಿದಳು. ಮತ್ತೆ ಕೆಂಪು.

ಡೈರಿ ಕಟ್ಟಡದ ಮುಂದೆ ಚೀಲ ಹಿಡಿದು ನಿಂತಿದ್ದ ಸಾಲು ತಣ್ಣಗಾಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕುಡಿದು ಕುಡಿದೇ ಸತ್ತ ಗಂಡನ ಹೆಂಡತಿ ಕದಿರಮ್ಮ. ಬ್ರಾಂದಿ ಅಂಗಡಿ ಇರುವ ಬೀದಿಯಲ್ಲಿ ಕಾಲಿಡಬಾರದೆಂದು ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿಗೆ ಸುತ್ತು ಹಾಕಿ ಹೋಗುವವಳು. ಗಂಡ ಹೋದ ಮೇಲೂ ಹಾಸಿಗೆ ಹಿಡಿದ ಅತ್ತೆಯನ್ನು ಮೀಸಿ, ಉಣಿಸಿ ನೋಡಿಕೊಳ್ಳುತ್ತಿದ್ದಳು. ಅವಳ ಬಾಯಿಗೆ ಕೆಂಪು ದೀಪ!

ಟ್ರಸ್ಟಿನವರು ಒಂದು ವರ್ಷದಿಂದ ಊರಿನ ಬಡ ಮನೆಗಳಿಗೆ ತಿಂಗಳಿಗೊಂದು ಚೀಲ ಅಕ್ಕಿ, ಬೇಳೆ, ಎಣ್ಣೆ ಕೊಡುತ್ತಿದ್ದರು. ಈ ತಿಂಗಳಿಂದ ಹೊಸ ನಿಯಮ. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರು ಯಂತ್ರಕ್ಕೆ ಊದಬೇಕು. ಕುಡಿದದ್ದು ಕಂಡರೆ ಆ ಮನೆಗೆ ಆ ತಿಂಗಳು ಚೀಲವಿಲ್ಲ. ಗೋಡೆಗೆ ಅಂಟಿಸಿದ ಆ ನೋಟೀಸಿನ ಕನ್ನಡ, ಟ್ರಸ್ಟಿನ ಪುಸ್ತಕ ಬರೆಯುವ ಸುನಂದಾಳದೇ. 'ಕುಡುಕರು' ಎನ್ನುವ ಮಾತು ಒರಟಾಯಿತೆಂದು ಹೊಡೆದುಹಾಕಿ, 'ಮದ್ಯ ಸೇವಿಸಿದವರು' ಎಂದು ಬರೆದಿದ್ದಳು. ಅಷ್ಟು ಮಾಡಿದರೆ ಯಾರಿಗೂ ನೋವಾಗಲಾರದು ಎಂದುಕೊಂಡಿದ್ದಳು.

"ಏನು ಮಾಡೋದು, ನಿಯಮ ಎಲ್ಲರಿಗೂ ಒಂದೇ ಅಲ್ವಾ," ಎಂದು ಕೋಲಾರದಿಂದ ಬಂದಿದ್ದ ಟ್ರಸ್ಟಿನ ಮುರಳಿಮೋಹನ್ ಮೆಲ್ಲಗೆ ಹೇಳಿದ. ಹೇಳಲು ಅವನಿಗೂ ಕಷ್ಟವಾಗಿತ್ತು.

ಕದಿರಮ್ಮ ಅಳಲಿಲ್ಲ. ಯಂತ್ರವನ್ನೇ ನೋಡಿದಳು. ಆಮೇಲೆ ಅಂಗೈಗೆ ಉಸಿರುಬಿಟ್ಟು ಮೂಸಿಕೊಂಡಳು. ಅವಳ ಮುಖ ಅರಳಿತು.

"ಸಾರ್, ನೀವು ಕುಡೀತೀರಾ?"

"ಇಲ್ಲಮ್ಮ, ಅಭ್ಯಾಸ ಇಲ್ಲ."

"ಹಂಗಾದ್ರೆ ಇದನ್ನ ತಿನ್ನಿ."

ಸೆರಗಿನ ಗಂಟು ಬಿಚ್ಚಿ ಎರಡು ರಸಪುರಿ ಹಣ್ಣು ತೆಗೆದಳು. ಮಂಡಿಯಲ್ಲಿ ಅವಳಂತೆ ಮಾವು ಆರಿಸುವ ಹೆಂಗಸರಿಗೆ ಒಡೆದ ಹಣ್ಣೇ ಮಧ್ಯಾಹ್ನದ ಊಟ. ಅದನ್ನು ಯಾರೂ ಕೊಳ್ಳುವುದಿಲ್ಲ, ತಿನ್ನಬೇಡಿ ಎಂದು ಯಾರೂ ಹೇಳುವುದೂ ಇಲ್ಲ. ಜೂನ್ ಬಿಸಿಲಿಗೆ ಹುಳಿಬಂದ ಆ ಹಣ್ಣು ಹೆಂಡದ ಹಾಗೆ ಗಮ್ಮೆನ್ನುತ್ತಿತ್ತು. ಕದಿರಮ್ಮ ಅದನ್ನೇ ತಿಂದು, ಕೈ ಒರೆಸಿಕೊಂಡು, ನೇರ ಇಲ್ಲಿಗೆ ಬಂದಿದ್ದಳು.

ಮುರಳಿಮೋಹನ್ ಸಂಕೋಚದಿಂದಲೇ ಒಂದನ್ನು ಚೀಪಿದ. ರಸ ಮೊಣಕೈಗಿಳಿಯಿತು. ಓಟೆಯನ್ನು ಕಿಟಕಿಯ ಮೇಲಿಟ್ಟು, ಸುನಂದ ಹಿಡಿದ ಯಂತ್ರಕ್ಕೆ ಊದಿದ.

ಕೀಂಯ್.

"ಅಯ್ಯೋ ದೇವುಡಾ, ಸಾರ್‌ಗೂ ಈ ತಿಂಗ್ಳು ಅಕ್ಕಿ ಇಲ್ಲ!" ಎಂದು ಒಬ್ಬಳು ಕೂಗಿದಳು. ಸಾಲಿಗೆ ಸಾಲೇ ನಕ್ಕಿತು. ಮುರಳಿಮೋಹನ್ ಕೂಡ ನಕ್ಕುಬಿಟ್ಟ. "ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಊದಿ, ಕದಿರಮ್ಮ. ಸರಿಹೋಗುತ್ತೆ."

ಅವಳು ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದಳು. ತಲೆ ಎತ್ತಿದಾಗ, ಸಾಲಿನ ಕೊನೆಯಲ್ಲಿದ್ದ ಗಂಗುಲಪ್ಪ ಖಾಲಿ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಸದ್ದಿಲ್ಲದೆ ಹೊರಟಿದ್ದು ಕಂಡಿತು. ಅವನು ಲಾರಿಗೆ ಮಾವಿನ ಕ್ರೇಟು ಹೇರುವವನು.

"ಲೇ ಗಂಗುಲಪ್ಪ, ಎಲ್ಲಿಗ್ಲಾ?"

ಅವನು ತಿರುಗದೆಯೇ ಹೇಳಿದ: "ನಾನು ಹಣ್ಣು ತಿಂದಿಲ್ಲ, ಅಕ್ಕಯ್ಯ."

ಜನ ನಗಲು ಹೊರಟರು. ನಗು ಅರ್ಧಕ್ಕೇ ನಿಂತಿತು.

"ಬನ್ನಿ, ಹೊತ್ತಾಯ್ತು, ಈಗ ಊದಿ," ಎಂದು ಸುನಂದ ಕದಿರಮ್ಮನನ್ನು ಕರೆದಳು. ಅವಳದಾದರೂ ಬೇಗ ಹಸಿರಾಗಿಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು. ಕದಿರಮ್ಮ ಊದಲಿಲ್ಲ. ಡೈರಿಯ ಮೆಟ್ಟಿಲ ಮೇಲೆ ಕೂತಳು.

"ನಂದು ಹಸಿರೇ ಬರ್ತದೆ, ಸುನಂದಮ್ಮ. ನಂಗೊತ್ತು. ಇವನ್ದು ಬರಲ್ಲ. ಇವನ ಮನೇಲಿ ಊದೋ ಬಾಯಿ ಒಂದು, ಉಣ್ಣೋ ಬಾಯಿ ನಾಲ್ಕು."

"ಅಕ್ಕಿ ಮಾರಿ ಕುಡೀತಾರೆ, ಕದಿರಮ್ಮ," ಎಂದ ಮುರಳಿಮೋಹನ್. "ನಾನೇ ಕಣ್ಣಾರೆ ನೋಡಿದೀನಿ. ಸುಮ್ನೆ ನಿಯಮ ಮಾಡಿಲ್ಲ."

"ನಿಜ ಸಾರ್. ನನ್ನ ಗಂಡಾನೂ ಮಾರಿದ್ದ. ಅದಕ್ಕೇ ಹೇಳ್ತಿರೋದು, ಚೀಲ ಇವನ ಕೈಗೆ ಕೊಡ್ಬೇಡಿ. ಇವನ ಹೆಂಡ್ತಿ ಭಾರತಮ್ಮ ಮಂಡೀಲಿದಾಳೆ, ಸಂಜೆಗೆ ಬರ್ತಾಳೆ. ಅವಳ ಕೈಗೆ ಕೊಡಿ. ಅಲ್ಲೀವರ್ಗೂ ನಾನು ಇಲ್ಲೇ ಕೂತಿರ್ತೀನಿ. ಅವಳಿಗೆ ಕೊಟ್ಮೇಲೆ ನಂಗೆ ಕೊಡಿ. ಇಲ್ಲಾಂದ್ರೆ ನಂಗೂ ಬೇಡ." ಗಂಗುಲಪ್ಪನ ಕಡೆ ತಿರುಗಿದಳು. "ನೀನು ನಾಚ್ಕೊಂಡಿದ್ದು ಸಾಕು, ಮನೆಗೆ ಹೋಗು. ನೀನು ಅಕ್ಕಿಗೆ ಕೈ ಹಾಕಿದೆ ಅಂತ ಗೊತ್ತಾದ್ರೆ ಪೊರಕೆ ತಗೊಂಡು ನಾನೇ ಬರ್ತೀನಿ."

ಕದಿರಮ್ಮನ ಅತ್ತೆಯ ರಾತ್ರಿಯ ಗಂಜಿಗೆ ಇದೇ ಚೀಲದ ಅಕ್ಕಿಯಾಗಬೇಕೆಂದು ಸುನಂದಾಳಿಗೆ ಗೊತ್ತಿತ್ತು. ಮನೆಯಲ್ಲಿ ಮಡಕೆ ತಳ ಕಂಡಿದೆಯೆಂದು ಬೆಳಿಗ್ಗೆ ಬಸ್ಸಿನಲ್ಲಿ ಕದಿರಮ್ಮನೇ ಹೇಳಿದ್ದಳು. ಆದರೂ ಅವಳು ಕೂತ ರೀತಿಯಲ್ಲಿ ಯಾವ ಆತಂಕವೂ ಇರಲಿಲ್ಲ. ನೋಟೀಸಿನ ಒಂದೊಂದು ಪದಕ್ಕೂ ಹೆದರಿದ್ದ ಸುನಂದ, ಮಾವಿನ ಸೊನೆಗೆ ಕಪ್ಪಾದ ಆ ಬೆರಳುಗಳನ್ನು ನೋಡುತ್ತ ನಿಂತಳು.

ಮುರಳಿಮೋಹನ್ ಪುಸ್ತಕವನ್ನು ಸುನಂದಾಳ ಕಡೆ ಸರಿಸಿದ. "ಪರೀಕ್ಷೆ ಅಂತ ಒಂದು ಕಾಲಂ ಇದೆಯಲ್ಲ, ಮೇಡಂ. ಅದರಲ್ಲಿ ಮೇಲಿನವರಿಗೆ ಏನಂತ ಬರೀತೀರಿ?" ಎಂದ.

"ಬರೀತೀನಿ ಸಾರ್."

ಐದೂವರೆಗೆ ಭಾರತಮ್ಮ ಬಂದಳು. ಚೀಲ ಎತ್ತಿಕೊಂಡು, ಏನೂ ಕೇಳದೆ, ಕದಿರಮ್ಮನ ಭುಜವನ್ನು ಒಮ್ಮೆ ಮುಟ್ಟಿ ಹೋದಳು. ಕದಿರಮ್ಮ ತನ್ನ ಚೀಲವನ್ನು ತಲೆಗೇರಿಸಿದಳು. ಉಳಿದ ಒಂದು ಹಣ್ಣನ್ನು ಸೆರಗಿಗೆ ಕಟ್ಟಿಕೊಂಡು, "ಅತ್ತೆಗೆ ಹಲ್ಲಿಲ್ಲ, ಇದಾದ್ರೆ ಚೀಪ್ತದೆ," ಎಂದು ನಕ್ಕು ಇಳಿದಳು.

ಸುನಂದ ಯಂತ್ರಕ್ಕೆ ಕವರು ಹಾಕಿ ಪುಸ್ತಕ ತೆರೆದಳು. ಪರೀಕ್ಷೆಯ ಕಾಲಮಿನಲ್ಲಿ ಗಂಗುಲಪ್ಪನ ಹೆಸರಿನ ಎದುರು 'ಮನೆಯಲ್ಲಿ ನಾಲ್ವರು' ಎಂದು ಬರೆದಳು. ಕದಿರಮ್ಮನ ಹೆಸರಿನ ಎದುರು 'ಇಬ್ಬರು'.

ಕಿಟಕಿಯ ಮೇಲೆ ಮುರಳಿಮೋಹನ್ ಚೀಪಿಟ್ಟ ಓಟೆ ಹಾಗೇ ಇತ್ತು. ಗೋಡೆಯ ಬಿರುಕಿನಿಂದ ಇರುವೆಗಳು ಒಂದರ ಹಿಂದೊಂದು ಬರುತ್ತಿದ್ದವು. ಅವಳು ಓಟೆಯನ್ನು ಎಸೆಯಲೆಂದು ಕೈಚಾಚಿ, ಹಾಗೇ ಬಿಟ್ಟು, ದೀಪ ಆರಿಸಿದಳು.