ಒಂಟೆ ಕೇಳಿದ ನೀರು

ಬಟ್ಟೆಯ ಚೀಲವನ್ನು ಹೊದಿಕೆಗಳ ಅಡಿಗೆ ತುರುಕಿ ಮಗಳು ಬೀರುವಿನ ಬಾಗಿಲು ಹಾಕುವಷ್ಟರಲ್ಲಿ ಕೋಣೆಗೆ ತಮ್ಮ ಬಂದೇಬಿಟ್ಟ.

"ಅಕ್ಕ, ಸ್ಕ್ಯಾನಿಂಗ್ ಫೈಲ್ ಎಲ್ಲಿ?"

"ಈಗ್ಯಾಕೋ ಅದು? ಅಪ್ಪನ್ನ ಕಳಿಸೋದು ಮುಗೀಲಿ."

"ಕಳಿಸಿ ಅಲ್ಲಿಂದ ಸೀದಾ ಆಸ್ಪತ್ರೆಗೇ ಹೋಗೋದು. ಅಪ್ಪನ ಬಸ್ ಡಿಪೋದವರೆಲ್ಲ ಜೊತೆಗೆ ಬರ್ತಾರೆ. ಸ್ಕ್ಯಾನಿಂಗ್‌ಗೆ ಅಂತ ನರಕ್ಕೆ ಆ ಡೈ ಔಷಧಿ ಚುಚ್ಚಿದ ಮೇಲೆ ಚೆನ್ನಾಗಿ ನೀರು ಕುಡಿಸ್ಬೇಕಂತೆ. ಇಲ್ದಿದ್ರೆ ಕಿಡ್ನಿಗೆ ಕುತ್ತು ಅಂತೆ. ಇದನ್ನ ದೊಡ್ಡ ಡಾಕ್ಟರು ನಂಗೆ ನಿನ್ನೆ ಹೇಳ್ತಾರೆ, ಎಲ್ಲಾ ಮುಗಿದ್ಮೇಲೆ! ಆ ಸ್ಕ್ಯಾನಿಂಗ್ ರೂಮಿನ ಹುಡುಗಿಗೆ ಅವತ್ತೇ ಒಂದು ಮಾತು ಹೇಳೋಕೆ ಏನಾಗಿತ್ತು ದೊಡ್ಡ ರೋಗ? ಅವಳನ್ನ ಕೆಲ್ಸದಿಂದ ತೆಗ್ಸದೆ ನಾನು ಮನೆಗೆ ಬರಲ್ಲ."

ಮಗಳು ಬೀರುವಿಗೆ ಬೆನ್ನು ಕೊಟ್ಟು ನಿಂತಳು. "ಹುಡುಕ್ತೀನಿ" ಎಂದಳು. ಹನ್ನೊಂದು ದಿನದಿಂದ ಅವಳು ಹೆದರಿಕೊಂಡೇ ಉಸಿರಾಡಿದ್ದಳು. ಅಪ್ಪ ಉಳಿಯುವುದಿಲ್ಲವೇನೋ ಎಂಬ ಹೆದರಿಕೆ ನಿನ್ನೆಗೆ ಮುಗಿದಿತ್ತು. ಇನ್ನೊಂದು ಹೆದರಿಕೆ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಟ್ಟು ಕದಲಿರಲಿಲ್ಲ.

ಮುಂದಿನ ಕೋಣೆಯಲ್ಲಿ ಅಪ್ಪನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಇಸ್ತ್ರಿ ಮಾಡಿದ ಡ್ರೈವರ್ ಅಂಗಿ. ಊದಿದ ಕತ್ತಿಗೆ ಮೇಲಿನ ಗುಂಡಿ ಕೂತಿರಲಿಲ್ಲ. ಅವರ ಬಸ್ಸಿನಲ್ಲೇ ಇಪ್ಪತ್ತೆರಡು ವರ್ಷ ದುಡಿದಿದ್ದ ಕಂಡಕ್ಟರ್ ಮಾಮ ಬಂದವರಿಗೆಲ್ಲ ಒಂದೇ ಕತೆ ಹೇಳುತ್ತಿದ್ದರು.

"ಸ್ಟೇರಿಂಗ್ ಹಿಡಿದ ಮೇಲೆ ಒಂದು ಗುಟುಕು ನೀರು ಕುಡಿದೋನಲ್ಲ ಇವನು. ಯಾಕೋ ಮಾರಾಯ ಅಂದ್ರೆ, 'ನಂಗೊಬ್ಬನಿಗೆ ಅವಸರ ಆಯ್ತು ಅಂತ ಐವತ್ತು ಜನರನ್ನ ರಸ್ತೇಲಿ ನಿಲ್ಸೋಕಾಗುತ್ತಾ' ಅನ್ನೋನು. ಒಂಟೆ ಅಂತ ಹೆಸರಿಟ್ಟಿದ್ದು ನಾನೇ. ಕೊನೆಗೆ ಹಾಜರಿ ಪುಸ್ತಕದಲ್ಲೂ ಒಂಟೆ ಅಂತಲೇ ಬರೆಯೋದೊಂದು ಬಾಕಿ!"

ಸಾವಿನ ಮನೆಯಲ್ಲಿ ನಗಬಾರದೆಂದು ತಡೆದುಕೊಂಡವರೂ ನಕ್ಕುಬಿಟ್ಟರು. ತಲೆಯ ಬಳಿ ಕೂತಿದ್ದ ಅಮ್ಮ ಕಣ್ಣೊರೆಸಿಕೊಂಡು, "ಮನೇಲೂ ಅಷ್ಟೇ. ಬಾಯಾರಿಕೆ ಅಂತ ಒಂದು ದಿನ ಬಾಯಿಬಿಟ್ಟು ಕೇಳಿದೋರಲ್ಲ" ಎಂದರು.

ಒಂದೇ ಒಂದು ದಿನ ಕೇಳಿದ್ದರು. ಅದು ಮಗಳೊಬ್ಬಳಿಗೇ ಗೊತ್ತಿತ್ತು.

*

ಅಪ್ಪನ ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಆಗಬೇಕೆಂದು ಡಾಕ್ಟರು ಹೇಳಿದ್ದರು. ಆ ಆಸ್ಪತ್ರೆಗೆ ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಖಾಲಿ ಹೊಟ್ಟೆಯಲ್ಲಿ ಬನ್ನಿ, ನೀರು ಕುಡಿಯಬಹುದು ಎಂದಿದ್ದರೂ ಅಪ್ಪ ನೀರು ಮುಟ್ಟಲಿಲ್ಲ. ಆದರೂ ದಾರಿಯಲ್ಲಿ ಒಮ್ಮೆ ಬಸ್ಸು ನಿಲ್ಲಿಸಬೇಕಾಯಿತು. ವಯಸ್ಸಾದ ಮೇಲೆ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಅವರು ಪೊದೆಯ ಮರೆಗೆ ಹೋದಾಗ ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ. ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರು. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯ ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದ್ದನ್ನು ಮಗಳು ನೋಡಿದಳು.

ಸ್ಕ್ಯಾನಿಂಗ್ ಕೋಣೆಯ ಹುಡುಗಿ ಮಗಳನ್ನು ಬದಿಗೆ ಕರೆದಳು. "ಇವತ್ತು, ನಾಳೆ ಚೆನ್ನಾಗಿ ನೀರು ಕುಡಿಸಿ, ಈಗಿಂದಲೇ. ಎರಡು ದಿನ ನೋವಿನ ಮಾತ್ರೆ ಕೊಡ್ಬೇಡಿ. ಮೂತ್ರ ಕಮ್ಮಿಯಾದ್ರೆ ತಕ್ಷಣ ಕರ್ಕೊಂಡು ಬನ್ನಿ. ಎಲ್ಲಾ ಇದರಲ್ಲಿದೆ, ಓದಿ ಸಹಿ ಹಾಕಿ." ಶಾಲೆಯ ಆಫೀಸಿನಲ್ಲಿ ಕೂತು ದಿನಾ ನೂರು ಜನರಿಗೆ 'ಓದಿ ಸಹಿ ಹಾಕಿ' ಎನ್ನುವ ಮಗಳು ಓದದೆಯೇ ಸಹಿ ಹಾಕಿದಳು. ಗುಲಾಬಿ ಬಣ್ಣದ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಅದೇನೋ ಚುಚ್ಚಿದ್ದೇ ಮೈಯೆಲ್ಲ ಭಗ್ ಅಂತ ಬಿಸಿಯಾಯ್ತು ಕಣೆ" ಎನ್ನುತ್ತ ಅಪ್ಪ ಹೊರಗೆ ಬಂದರು. "ಇಂಜಿನ್ ಪೆಟ್ಟಿಗೆ ಮೇಲೆ ಕೂತ ಹಾಗೆ."

ಅವಳು ಒಂದು ಬಾಟಲಿ ನೀರು ಕೊಂಡಳು. ಬಸ್ಸು ಹತ್ತಿ ಅದನ್ನು ಮಡಿಲಲ್ಲಿಟ್ಟುಕೊಂಡಳು. ಅರ್ಧ ದಾರಿಯಲ್ಲಿ ಅಪ್ಪ ಕೈ ಚಾಚಿದರು.

"ಆ ಬಾಟ್ಲಿ ಇತ್ತ ಕೊಡೆ. ಗಂಟಲು ಒಣಗಿಹೋಗಿದೆ."

"ಇನ್ನೆರಡೇ ಗಂಟೆ ಅಪ್ಪ. ಮತ್ತೆ ಬಸ್ಸು ನಿಲ್ಸಿ ಅನ್ನೋಕೆ ನಂಗೆ ನಾಚಿಕೆಯಾಗುತ್ತೆ. ಎಲ್ರೂ ನೋಡ್ತಾರೆ."

ಅಪ್ಪ ಅವಳ ಮುಖವನ್ನೊಮ್ಮೆ ನೋಡಿದರು. "ಅದೂ ಸರಿ ಬಿಡು" ಎಂದು ಚಾಚಿದ ಕೈಯನ್ನು ಮುಂದಿನ ಸೀಟಿನ ಕಂಬಿಯ ಮೇಲಿಟ್ಟರು.

ಮನೆಗೆ ಬಂದವರೇ ಬೆನ್ನುನೋವೆಂದು ದಿನದಂತೆ ಎರಡು ಮಾತ್ರೆ ನುಂಗಿ ಮಲಗಿದರು. ಮಾರನೆಯ ಬೆಳಿಗ್ಗೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತ ಮಗಳು, "ಅಪ್ಪ, ನೀರು ಜಾಸ್ತಿ ಕುಡೀಬೇಕಂತೆ" ಎಂದಳು. ಅಪ್ಪ ಹೂಂ ಎಂದರು. ಮೂರನೆಯ ದಿನ ಕಾಲು ಊದಿಕೊಂಡಿತು, ಮೂತ್ರ ಕಟ್ಟಿತು. ಅದೇ ದಿನ ಸ್ಕ್ಯಾನಿಂಗ್ ವರದಿಯೂ ಬಂತು: ಹೊಟ್ಟೆಯಲ್ಲಿ ಯಾವ ತೊಂದರೆಯೂ ಇಲ್ಲ.

ಆಸ್ಪತ್ರೆಗೆ ಸೇರಿಸಿದರೂ ಅಪ್ಪನ ಕಿಡ್ನಿ ಚೇತರಿಸಿಕೊಳ್ಳಲಿಲ್ಲ. ಯಾಕೆ ಹೀಗಾಯಿತೆಂದು ಒಂದಕ್ಕೇ ಬೆರಳಿಟ್ಟು ಹೇಳಲಾಗದು ಎಂದರು ದೊಡ್ಡ ಡಾಕ್ಟರು. ಹಳೆಯ ಸಕ್ಕರೆ ಕಾಯಿಲೆ, ಆ ಮಾತ್ರೆಗಳು, ಡೈ, ನೀರಿಲ್ಲದ ಮೈ, ಎಲ್ಲವೂ ಸೇರಿರಬಹುದು. ಮಗಳಿಗೆ ಕೇಳಿಸಿದ್ದು ಕೊನೆಯದೊಂದೇ.

*

ಹೊರಗೆ ವ್ಯಾನ್ ಬಂದ ಸದ್ದಾಯಿತು. ಅಂಗಳದಲ್ಲಿ ಡಿಪೋದವರಿಗೆ ತಮ್ಮ ಹೇಳುತ್ತಿದ್ದ: "ಆ ಹುಡುಗಿ ಹೆಸರು ಗೊತ್ತಾಗಿದೆ. ಇವತ್ತು ಅವಳದು ಸಂಜೆವರೆಗೂ ಡ್ಯೂಟಿ."

ಮಗಳಿಗೆ ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. 'ಈಗಿಂದಲೇ' ಎಂದು ಒತ್ತಿ ಹೇಳಿದ್ದಳಲ್ಲ! ಬಾಯಿ ಬಿಟ್ಟರೆ ತಮ್ಮ ಈ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ. ಬಿಡದಿದ್ದರೆ ಇಪ್ಪತ್ತು ಗಂಡಸರು ಆ ಹುಡುಗಿಯ ಮುಂದೆ ಹೋಗಿ ನಿಲ್ಲುತ್ತಾರೆ. ಅವಳು ಬೀರು ತೆಗೆದಳು.

"ಬಾರೋ ಇಲ್ಲಿ" ಎಂದು ಕರೆದು ಚೀಲವನ್ನು ತಮ್ಮನ ಕೈಗಿಟ್ಟಳು. "ಅವಳು ಹೇಳಿದ್ಲು ಕಣೋ. ನಂಗೆ ಹೇಳಿದ್ಲು. ಅಪ್ಪ ನೀರು ಕೇಳಿದ್ರು. ಬಸ್ಸು ನಿಲ್ಲಿಸ್ಬೇಕಾಗುತ್ತೆ, ನಾಚಿಕೆ ಅಂತ ನಾನೇ ಕೊಡ್ಲಿಲ್ಲ."

ಗುಲಾಬಿ ಚೀಟಿಯನ್ನು ತಮ್ಮ ತೆಗೆದು ಓದಿದ. ಕೆಳಗಿದ್ದ ಸಹಿಯನ್ನು ನೋಡಿದ. ಚೀಲದೊಳಗಿದ್ದ ಬಾಟಲಿಯನ್ನು ನೋಡಿದ. ಅದರ ಸೀಲ್ ಒಡೆದಿರಲಿಲ್ಲ. ಮಗಳು ಕಣ್ಣುಮುಚ್ಚಿ ಹೊಡೆತಕ್ಕೆ ಕಾದಳು. ಕಣ್ಣು ಬಿಟ್ಟಾಗ ಅವನಿರಲಿಲ್ಲ. ಅಂಗಳದಿಂದ ಅವನ ದನಿ ಕೇಳಿತು: "ಆಸ್ಪತ್ರೆಗೆ ಬೇಡ. ಯಾಕೆ ಅಂತ ಕೇಳ್ಬೇಡಿ."

ವ್ಯಾನಿನಲ್ಲಿ ಅಪ್ಪನ ಆ ಬದಿಗೆ ತಮ್ಮ, ಈ ಬದಿಗೆ ಮಗಳು ಮತ್ತು ಅಮ್ಮ, ಬಾಗಿಲ ಬಳಿ ಕಂಡಕ್ಟರ್ ಮಾಮ. ಅವನು ಅಕ್ಕನ ಕಡೆ ತಲೆಯೆತ್ತಿ ನೋಡಲಿಲ್ಲ. ಚೀಲ ಅವನ ಮಡಿಲಲ್ಲಿತ್ತು.

"ನಿನ್ನೆಯಿಂದ ಇವಳು ಒಂದು ತೊಟ್ಟು ನೀರು ಮುಟ್ಟಿಲ್ಲ" ಎಂದರು ಅಮ್ಮ. "ತುಟಿ ಹೇಗೆ ಒಡೆದಿದೆ ನೋಡು."

"ಒಂಟೆ ಮಗಳಲ್ವಾ" ಎಂದರು ಕಂಡಕ್ಟರ್ ಮಾಮ.

ಯಾರೂ ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಡ್ರೈವರ್ ಹಿಂದಿನ ತಗಡನ್ನು ತಮ್ಮ ಬಡಿದ. "ನಿಲ್ಸಿ."

"ನಡು ರಸ್ತೆ ಸಾರ್ ಇದು!"

"ನಿಲ್ಸಿ ಅಂದೆ."

ವ್ಯಾನ್ ನಿಂತಿತು. ಹಿಂದೆ ಒಂದು ಬಸ್ಸು, ಅದರ ಹಿಂದೆ ಲಾರಿ, ಕಾರು, ಎಲ್ಲವೂ ಸಾಲಾಗಿ ನಿಂತವು. ಬಸ್ಸಿನವರು ಕಿಟಕಿಯಿಂದ ಕತ್ತು ಚಾಚಿದರು. ಕಂಡಕ್ಟರ್ ಮಾಮ ಏನೊಂದೂ ಕೇಳದೆ ಕೆಳಗಿಳಿದು, ಹಿಂದಿನ ಗಾಡಿಗಳಿಗೆ ಎರಡೂ ಕೈ ಅಡ್ಡ ಚಾಚಿ ನಿಂತರು.

ಬಾಟಲಿಯ ಮುಚ್ಚಳ ತಿರುಗಿಸಿ ಸೀಲ್ ಒಡೆದು, ತಮ್ಮ ಅದನ್ನು ಅಪ್ಪನ ಮೇಲಿಂದ ಅಕ್ಕನ ಕಡೆ ಚಾಚಿದ. ಹಿಂದೆ ಹಾರ್ನ್ ಮೇಲೆ ಹಾರ್ನ್ ಹೊಡೆಯತೊಡಗಿದರು.

"ಕುಡಿ" ಎಂದ. "ಎಲ್ರೂ ನೋಡ್ಲಿ."