ನಾಲ್ಕು ಹೆಜ್ಜೆ ದೂರದ ಬಚ್ಚಲು

ಮಂಚ ಅಲ್ಲಾಡಲಿಲ್ಲ. ಉಸಿರು ಬಿಗಿಹಿಡಿದು ಎರಡನೆಯ ಸಲ ಎಳೆದಾಗ ಕಾಲುಗಳು ನೆಲಕ್ಕೆ ಉಜ್ಜಿ ಕಿರ್ರೆಂದವು. ಒಂದು ಕ್ಷಣ ಬಿಟ್ಟು ಅದೇ ಸದ್ದು ಮತ್ತೆ ಕೇಳಿತು, ಸ್ವಲ್ಪ ದೂರದಿಂದ. ಕೋಣೆಯಲ್ಲಿ ಸಾಮಾನು ಕಡಿಮೆಯಾಗಿದೆ, ಅದಕ್ಕೇ ಪ್ರತಿಧ್ವನಿ ಎಂದುಕೊಂಡ.

ಮಂಚವಿದ್ದ ಕಡೆ ಧೂಳಿನ ಒಂದು ಆಯತ ಉಳಿದಿತ್ತು. ಆರೂಕಾಲಡಿ ಉದ್ದ, ಐದಡಿ ಅಗಲ. ಗೋಡೆಯ ಬದಿಗೆ, ಹೆಂಡತಿ ಮಲಗುತ್ತಿದ್ದ ಕಡೆ, ಒಂದು ಹೇರ್‌ಪಿನ್ನು ಬಿದ್ದಿತ್ತು. ಅದನ್ನೆತ್ತಿ ಜೇಬಿಗೆ ಹಾಕಿಕೊಂಡ. ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಹನ್ನೊಂದು ತಿಂಗಳ ಹಿಂದಿನ ಪಿನ್ನನ್ನು ಈಗ ಕೊಟ್ಟರೆ ಏನೋ ಕೇಳಿದಂತಾಗುತ್ತದೆ.

ಹನ್ನೊಂದು ತಿಂಗಳ ಹಿಂದೆ ಅವನ ಹೆಂಡತಿ ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಮಂಡಿ ನೋವು ರೀ. ಇಲ್ಲಿಂದ ಬಾತ್‌ರೂಮು ದೂರ. ನಾನು ಎದ್ದು ಓಡಾಡಿದ್ರೆ ನಿಮ್ಮ ನಿದ್ದೇನೂ ಹಾಳು. ಆಚೆ ಕೋಣೇಲಿ ಮಲಗ್ತೀನಿ."

"ಹಾಗೇ ಮಾಡು" ಎಂದಿದ್ದ ಅವನು.

ಮಂಡಿ ಎರಡು ತಿಂಗಳಲ್ಲಿ ವಾಸಿಯಾಯಿತು. ದಿಂಬು ವಾಪಸು ಬರಲಿಲ್ಲ.

ಅವನು ಮನೆಗಳ ನಕ್ಷೆ ಬರೆಯುವವನು. ಸಂಜೆ ಕಾಲೇಜಿನಲ್ಲಿ ನಾಲ್ಕು ವರ್ಷ ತೂಕಡಿಸುತ್ತ ಕಲಿತದ್ದು ಅದನ್ನೇ: ಜನರ ಕಷ್ಟವನ್ನು ಅಳತೆಗೆ ತರುವುದು. ತನ್ನ ಕೋಣೆಯಿಂದ ಅಡುಗೆಮನೆಯಾಚೆಗಿನ ಬಚ್ಚಲಿಗೆ ಇಪ್ಪತ್ತೆರಡು ಹೆಜ್ಜೆ. ಅವಳ ಕೋಣೆಯಿಂದ ಒಂಬತ್ತು. ಹಾಗಾದರೆ ತೊಂದರೆ ಹದಿಮೂರು ಹೆಜ್ಜೆಯದು. ಎರಡು ಕೋಣೆಗಳ ನಡುವೆ, ಹಿತ್ತಿಲ ಕಡೆಗೆ, ಐದಡಿ ಅಗಲದ ಜಾಗ ಒಂದು ಒಡೆದ ಬಕೀಟನ್ನು ಇಟ್ಟುಕೊಂಡು ವರ್ಷಗಳಿಂದ ಸುಮ್ಮನೆ ಬಿದ್ದಿತ್ತು. ಅದನ್ನು ಬಚ್ಚಲು ಮಾಡಿ ತನ್ನ ಕೋಣೆಗೆ ಬಾಗಿಲು ಇಟ್ಟರೆ ನಾಲ್ಕೇ ಹೆಜ್ಜೆ. ಆಮೇಲೆ ಅವಳಿಗೆ ಕಾರಣ ಉಳಿಯುವುದಿಲ್ಲ. ಅವಳು ವಾಪಸು ಬರುತ್ತಾಳೆ.

ಇದನ್ನು ಅವಳಿಗೆ ಹೇಳಿರಲಿಲ್ಲ. "ಒಂದು ಬಾತ್‌ರೂಮು ಕಟ್ಟಿಸೋಣ ಅಂತ" ಎಂದಷ್ಟೇ ಹೇಳಿದ್ದ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಕಟ್ಟಿಸಿ, ಒಳ್ಳೇದೇ" ಎಂದಿದ್ದಳು.

ಈಗ ಹಿಂದಿನ ಗೋಡೆ ಎದ್ದಿತ್ತು, ಸೂರು ಬಿದ್ದಿತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಬಾಗಿಲು ಮಾತ್ರ ಇರಲಿಲ್ಲ. ಕೆಲಸದವರು ಹಿಂದಿನ ಕಿಟಕಿಗೆಂದು ಬಿಟ್ಟ ಕಿಂಡಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ನುಸುಳುತ್ತಿದ್ದರು. ಬಡಗಿ ನಿನ್ನೆಯೇ ತಂದಿಟ್ಟ ಬಾಗಿಲನ್ನು, ಚಿಲಕ ಸಮೇತ, ಅವನು ಮಂಚವಿದ್ದ ಗೋಡೆಗೆ ಒರಗಿಸಿ ನಿಲ್ಲಿಸಿದ. ಅದರ ಪಕ್ಕ ಎಲ್ಲಿ ಒಡೆಯಬೇಕೆಂದು ಪೆನ್ಸಿಲ್ಲಿನಿಂದ ಗುರುತು ಹಾಕಿದ. ಎರಡಿಂಚು ಎಡಕ್ಕೆ ಹೋಗಬೇಕೇನೋ ಅನ್ನಿಸಿತು. ಅಳಿಸಿದ. ನಕ್ಷೆಯೇ ಇದೆಯಲ್ಲ.

ನಕ್ಷೆ ಟ್ರೇಸಿಂಗ್ ಹಾಳೆಯಲ್ಲಿತ್ತು. ಸ್ವಂತದ ಕೆಲಸಕ್ಕೆ ಆಫೀಸಿನ ಯಂತ್ರದಲ್ಲಿ ಪ್ರತಿ ತೆಗೆಯುವುದು ತಪ್ಪೆಂದು ಮೂಲವನ್ನೇ ಮನೆಗೆ ತಂದಿದ್ದ. ಮೂರು ಚೌಕಗಳು: ಎರಡು ಕೋಣೆ, ನಡುವೆ ಬಚ್ಚಲು, ಒಂದು ಬಾಗಿಲು. ಎರಡು ಕೋಣೆಗಳದೂ ಒಂದೇ ಅಳತೆ. ತನ್ನದರ ಮೇಲೆ 'ಮಲಗುವ ಕೋಣೆ' ಎಂದು ಬರೆದಿದ್ದ. ಅವಳದರ ಮೇಲೆ 'ಸಾಮಾನು ಕೋಣೆ' ಎಂದು ಬರೆದು ಅಳಿಸಿದ. ಅಲ್ಲಿ ಅವಳು ಮಲಗುತ್ತಾಳೆ. 'ಮಲಗುವ ಕೋಣೆ 2' ಎಂದು ಬರೆದು ಅಳಿಸಿದ; ಹಾಗೆ ಬರೆದರೆ ಒಪ್ಪಿಕೊಂಡಂತೆ. ಒಂದಕ್ಕೆ ಹೆಸರಿದ್ದು ಇನ್ನೊಂದಕ್ಕೆ ಇಲ್ಲದಿರುವುದು ಚೆನ್ನಲ್ಲವೆಂದು ಕೊನೆಗೆ ತನ್ನದನ್ನೂ ಅಳಿಸಿದ. ಅಳತೆಗಳನ್ನು ಬೇರೆ ಚೀಟಿಯಲ್ಲಿ ಬರೆದ.

ಗೋಡೆ ಕಟ್ಟಿದ ಮೇಸ್ತ್ರಿ ಬೇರೆ ಕೆಲಸ ಸಿಕ್ಕಿ ಹೋಗಿಬಿಟ್ಟಿದ್ದ. ಬಾಗಿಲಿಗೆ ಗೋಡೆ ಒಡೆಯಲು ಇವತ್ತು ಹೊಸಬ ಬರುವವನಿದ್ದ. ಅವನು ಬರುವ ತನಕ ನಿಂತರೆ ಬಸ್ಸು ತಪ್ಪುತ್ತದೆ.

"ಮೇಸ್ತ್ರಿ ಬಂದ್ರೆ ಇದನ್ನ ಕೊಡು" ಎಂದು ಹಾಳೆಯನ್ನೂ ಅಳತೆಯ ಚೀಟಿಯನ್ನೂ ಹೆಂಡತಿಯ ಕೈಗಿತ್ತ. "ಇದರಲ್ಲಿರೋ ಹಾಗೇ ಒಡೀಬೇಕು ಅಂತ ಹೇಳು. ಒಂದಿಂಚು ಆಚೀಚೆ ಆಗಬಾರದು."

"ಹೇಳ್ತೀನಿ."

"ಮುಗಿದ ಮೇಲೆ ನಿನಗೂ ಅನುಕೂಲ."

"ಹೂಂ. ಅನುಕೂಲ." ಅವಳು ಹಾಳೆಯನ್ನು ಸುರುಳಿ ಸುತ್ತಿದಳು. "ಊಟದ ಡಬ್ಬಿ ಮರೀಬೇಡಿ."

ಆಫೀಸಿನಲ್ಲಿ ಅವನನ್ನು ಎಲ್ಲರೂ 'ರಬ್ಬರ್' ಎನ್ನುತ್ತಿದ್ದರು. ಬರೆದದ್ದಕ್ಕಿಂತ ಅಳಿಸಿದ್ದು ಹೆಚ್ಚು ಎಂಬುದು ನಕ್ಷೆ ವಿಭಾಗದ ಹೆಡ್ ಕಂಡುಹಿಡಿದ ಸತ್ಯ. ಅದರಲ್ಲಿ ಅವನಿಗೆ ಅವಮಾನವಿರಲಿಲ್ಲ. ನಿಜವಿರಬಹುದು ಎಂಬ ಅನುಮಾನವಿತ್ತು, ಅಷ್ಟೆ.

"ಏನ್ ರಬ್ಬರ್, ರಾಜರ ಥರ ರೂಮಲ್ಲೇ ಸ್ನಾನವಂತೆ?" ಎಂದ ಪಕ್ಕದ ಮೇಜಿನವನು.

"ಮನೆಯವರಿಗೆ ಮಂಡಿ ನೋವು."

"ಇನ್ನೂ ಹೋಗಿಲ್ವಾ ಅದು? ಹೋದ ವಾರ ಅಂಗಡಿ ಹತ್ರ ಸಿಕ್ಕಿದ್ರು, ನನಗಿಂತ ಜೋರಾಗಿ ನಡೀತಿದ್ರಪ್ಪ."

ಅವನು ಪೆನ್ಸಿಲ್ ಚೂಪು ಮಾಡಿದ.

ಮಧ್ಯಾಹ್ನ ಹೆಡ್ ಒಂದು ಜೋಡಿಮನೆಯ ನಕ್ಷೆ ಕೊಟ್ಟರು. ಒಂದೇ ಗೋಡೆ ಹಂಚಿಕೊಂಡ ಎರಡು ಮನೆ. ಇದರಲ್ಲಿ ಕಷ್ಟವೇನಿಲ್ಲ. ಅರ್ಧ ಬರೆದು ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕಿದರೆ ಉಳಿದರ್ಧ ತಾನಾಗಿಯೇ ಸಿಗುತ್ತದೆ. ಹಾಳೆ ಪಾರದರ್ಶಕ, ಎಡದ್ದು ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಅಕ್ಷರವಿದ್ದರೆ ಮಾತ್ರ ತಿರುವು ಮುರುವಾಗಿ ಕಂಡು ಎಚ್ಚರಿಸುತ್ತದೆ.

ಮಗುಚಿದ ಹಾಳೆಯ ಮೇಲೆ ಅವನ ಕೈ ಹಾಗೇ ನಿಂತಿತು.

ಹೆಡ್ ಅವರ ಮೇಜಿನ ಫೋನಿಗೆ ಹೋಗಿ, ಸ್ವಂತದ ಕರೆ ಎಂದು ಎರಡು ಸಲ ಕ್ಷಮೆ ಕೇಳಿ, ಮನೆಗೆ ಫೋನು ಮಾಡಿದ. ಹೆಂಡತಿ ಎತ್ತಿದಳು. ಹಿಂದೆ ಸುತ್ತಿಗೆಯ ಸದ್ದು.

"ಶುರುವಾಯ್ತಾ?"

"ಹೂಂ, ಒಡೀತಿದಾರೆ."

"ಯಾವ ಕಡೆ?"

"ಏನು? ಕೇಳಿಸ್ತಿಲ್ಲ."

"ಯಾವ ಕಡೆ ಗೋಡೆ ಅಂತ."

"ಪ್ಲಾನಲ್ಲಿ ಇದ್ದ ಹಾಗೇ ಅಂತ ಹೇಳ್ತಿದಾರೆ. ನೀವೇ ಹೇಳಿದ್ರಲ್ಲ."

ಈಗ ಅವನು, ನಿಲ್ಲಿಸು ಅನ್ನು, ಹಾಳೆ ತಿರುಗಿಸಿ ನೋಡೋಕೆ ಹೇಳು, ಎನ್ನಬಹುದಿತ್ತು. ಆದರೆ ಮೇಸ್ತ್ರಿ ಸರಿಯಾಗಿಯೇ ಒಡೆಯುತ್ತಿದ್ದರೆ? ಅನುಮಾನಪಟ್ಟಂತಾಗುತ್ತದೆ. ಯಾರ ಮೇಲೆ ಎಂದು ಯೋಚಿಸಲಿಲ್ಲ.

"ಸರಿ" ಎಂದ.

"ಮತ್ತೇನಾದ್ರೂ ಇತ್ತಾ?"

"ಏನಿಲ್ಲ."

ಸಂಜೆ ಅವನು ಮೊದಲು ತನ್ನ ಕೋಣೆಗೆ ಹೋದ. ಗೋಡೆ ಇದ್ದ ಹಾಗೇ ಇತ್ತು. ಒರಗಿಸಿದ ಬಾಗಿಲೂ ಇತ್ತು. ನೆಲದ ಮೇಲೆ ಧೂಳಿನ ಆಯತ, ಅದರ ಮೇಲೆ ಅವನ ಬೆಳಗಿನ ಹೆಜ್ಜೆಗಳಷ್ಟೆ.

ಆಚೆ ಕೋಣೆಯಲ್ಲಿ ಗೋಡೆಗೆ ಮೂರಡಿ ಅಗಲದ ಬಾಯಿ ಬಿದ್ದಿತ್ತು. ಅಂಚುಗಳು ನೇರವಾಗಿದ್ದವು, ಅಳತೆ ಬಿಗಿಯಾಗಿತ್ತು. ಕೆಲಸ ಅಚ್ಚುಕಟ್ಟಾಗಿದೆ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಹೆಂಡತಿಯ ಮಂಚ ಕಿಟಕಿಯ ಬಳಿಗೆ ಸರಿದಿತ್ತು. ಹೊಲಿಗೆ ಯಂತ್ರಕ್ಕೆ ಹಳೆಯ ಚಾದರ ಹೊದಿಸಿತ್ತು.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದ. "ನೋಡಿ ಸಾರ್, ಒಂದಿಂಚು ಆಚೀಚೆ ಆಗಿದ್ರೆ ಕೇಳಿ."

ಕಿಟಕಿಯ ಕಟ್ಟೆಯ ಮೇಲೆ ಟ್ರೇಸಿಂಗ್ ಹಾಳೆ ಹರಡಿತ್ತು, ಹಾರದ ಹಾಗೆ ಮೇಲೊಂದು ಅರ್ಧ ಇಟ್ಟಿಗೆ. ಹಿಂಬದಿ ಮೇಲಾಗಿತ್ತು. ಅವನು ಅಳಿಸಿದ ಅಕ್ಷರಗಳ ಗಾಯ ಮಾತ್ರ, ಬೆಳಕಿಗೆ, ಉಬ್ಬಿ ಕಾಣುತ್ತಿತ್ತು.

"ಬಾಗಿಲು ಆ ಕೋಣೇಲಿತ್ತಲ್ಲ, ಅನುಮಾನ ಬರ್ಲಿಲ್ವಾ?" ಎಂದು ಕೇಳಿದ.

"ಬಂತು ಸಾರ್. ಮಂಚ ನೋಡಿ ಹೇಳೋಣ ಅಂದ್ರೆ, ನಾನು ಬರೋ ಹೊತ್ಗೆ ಎರಡು ರೂಮಲ್ಲೂ ಮಂಚ ಸರಿದಿತ್ತು. ಅದಕ್ಕೇ ಪ್ಲಾನ್ ಬಿಡಿಸ್ದೆ. ಅಮ್ಮೋರನ್ನೂ ಕರೆದು ತೋರಿಸ್ದೆ. ಇಲ್ಲೇ ಅಲ್ವಾ ಅಂದೆ. ಹೂಂ ಅಂದ್ರು."

ಬೆಳಗಿನ ಪ್ರತಿಧ್ವನಿ ಅವನಿಗೆ ನೆನಪಾಯಿತು.

ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದವರ ಲಕ್ಷಣವಿರಲಿಲ್ಲ. ಕೈಯಲ್ಲಿ ಪೊರಕೆ ಇತ್ತು.

"ಬೆಳಿಗ್ಗೇನೇ ಮಂಚ ಎಳೆದಿದ್ಯಾ?"

"ಧೂಳು ಬೀಳುತ್ತೆ ಅಂತ."

"ಪ್ಲಾನ್ ನೋಡಿದೆಯಂತೆ."

"ತೋರಿಸಿದ್ರು, ನೋಡಿದೆ. ನಿಮ್ಮ ಗೆರೆಗಳು ನನಗೇನು ಗೊತ್ತಾಗುತ್ತೆ? ಒಂದು ಹೆಸರಾದ್ರೂ ಬರೆದಿದ್ರೆ ಆಗ್ತಿತ್ತು."

ಜೇಬಿನಲ್ಲಿ ಅವನ ಬೆರಳಿಗೆ ಹೇರ್‌ಪಿನ್ನು ತಗುಲಿತು.

"ತಪ್ಪಾಯ್ತಾ?" ಎಂದಳು. ನಿಜವಾಗಿಯೂ ಕೇಳುತ್ತಿದ್ದಾಳೋ ಹೇಗೆ ಎಂದು ನೋಡಿದ. ತಿಳಿಯಲಿಲ್ಲ.

"ತಪ್ಪೇನಿಲ್ಲ. ಆ ಕಡೆಗೂ ಒಂದು ಬಾಗಿಲು ಇಡಬಹುದು" ಎಂದ, ಮೇಸ್ತ್ರಿಗೆ ಹೇಳುವಂತೆ.

ಮೇಸ್ತ್ರಿ ತಲೆ ಕೆರೆದುಕೊಂಡ. "ಇಡಬಹುದು ಸಾರ್. ಆದ್ರೆ ಎರಡು ಬಾಗಿಲಿದ್ರೆ ಒಳಗೆ ಹೋದೋರು ಎರಡು ಚಿಲಕಾನೂ ಹಾಕ್ಕೋಬೇಕು. ಒಂದು ಮರೆತ್ರೆ ಫಜೀತಿ."

"ನಾನು ಮರೆಯಲ್ಲ" ಎಂದಳು ಹೆಂಡತಿ.

ಮೇಸ್ತ್ರಿ ನಕ್ಕ. ತಮಾಷೆ ಇರಬೇಕೆಂದು ಅವನೂ ನಕ್ಕ. ಅವಳು ಇಟ್ಟಿಗೆಯ ಪುಡಿ ಗುಡಿಸತೊಡಗಿದಳು. ಒಡೆದ ಬಾಯಿಯಾಚೆ, ಹೊಸ ಬಚ್ಚಲಿನ ಗೂಡಿನಲ್ಲಿ, ಅವಳ ಹಲ್ಲುಜ್ಜುವ ಬ್ರಷ್ಷು ಆಗಲೇ ಲೋಟದಲ್ಲಿ ನಿಂತಿತ್ತು. ಪಕ್ಕದ ಮೊಳೆಗೆ ಅವಳ ಟವೆಲು. ಅವಳ ಮಂಚದಿಂದ ಎಷ್ಟು ಹೆಜ್ಜೆ ಎಂದು ಅವನ ಕಣ್ಣು ತಾನಾಗಿಯೇ ಅಳೆಯಿತು. ನಾಲ್ಕು.

"ನಾಳೆ ಚೌಕಟ್ಟು ಕೂರಿಸ್ತೀನಿ. ಆ ಬಾಗಿಲು ಇಲ್ಲಿಗೆ ಸಾಗಿಸೋದಾ, ಇನ್ನೊಂದು ಮಾಡಿಸೋದಾ, ಬೆಳಿಗ್ಗೆ ಹೇಳಿಬಿಡಿ" ಎಂದು ಮೇಸ್ತ್ರಿ ಹೊರಟ.

ಅವನು ತನ್ನ ಕೋಣೆಗೆ ಬಂದ. ಅಂಗಿ ಬಿಚ್ಚಿ ಟವೆಲು ಹೆಗಲಿಗೆ ಹಾಕಿಕೊಂಡ. ಇಪ್ಪತ್ತೆರಡು ಹೆಜ್ಜೆ ನಡೆಯಬೇಕು. ಅಡುಗೆಮನೆ ದಾಟುವಾಗ ಅವಳು ಎದುರಾದರೆ ಏನಾದರೂ ಹೇಳಬೇಕು.

ಗೋಡೆಯಾಚೆ ನಲ್ಲಿ ತಿರುಗಿದ ಸದ್ದಾಯಿತು. ನೀರು ಬಕೀಟಿನ ತಳಕ್ಕೆ ಬಿದ್ದು, ಆಮೇಲೆ ನೀರಿನ ಮೇಲೆಯೇ ಬೀಳತೊಡಗಿತು. ಎಷ್ಟು ಹತ್ತಿರವಿತ್ತೆಂದರೆ ಬಕೀಟು ಎಷ್ಟು ತುಂಬಿದೆಯೆಂದು ಹೇಳಬಹುದಿತ್ತು. ಅವನು ಗೋಡೆಗೆ ಒರಗಿಸಿದ್ದ ಬಾಗಿಲ ಮುಂದೆ ಬಂದು ನಿಂತ. ಹೊಸ ಮರ, ಹೊಸ ಚಿಲಕ. ಬೆರಳು ಮಡಚಿ ಮೆಲ್ಲಗೆ ಎರಡು ಸಲ ತಟ್ಟಿದ.

ನೀರು ನಿಂತಿತು.

ಅವನು ಟವೆಲನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಒಂದು ಹೆಜ್ಜೆ ಹಿಂದೆ ಸರಿದು, ಸರದಿಗೆ ಕಾಯುವವನ ಹಾಗೆ ಬಾಗಿಲನ್ನೇ ನೋಡುತ್ತ ನಿಂತ.