ಇಪ್ಪತ್ತೆರಡು ಪಾಯಿಂಟ್ ಎಂಟು

ತೆಲುಗು ಸೀಮೆಯ ನಾಚಾರಂ ಕಾರ್ಖಾನೆಗಳಲ್ಲಿ ಈ ಬಂಡೆಪ್ಪನನ್ನು ಅರಿಯದವರಿಲ್ಲ. ನಾಲ್ಕು ಟನ್ನಿನ ಬಾಯ್ಲರ್ ಡ್ರಮ್ಮನ್ನು ಕ್ರೇನಿನಿಂದ ಇಳಿಸಿ, ಕೆಳಗಿಟ್ಟ ಹಸಿ ಮೊಟ್ಟೆಗೆ ಮುಟ್ಟಿಸಿ, ಸಿಪ್ಪೆ ಬಿರಿಯದ ಹಾಗೆ ಮತ್ತೆ ಎತ್ತಿದವನು ನಾನು. ಅದನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬ ರಿಟೈರ್ ಆಗಿ ಊರಿಗೆ ಹೋದ, ಇನ್ನೊಬ್ಬ ನಾನೇ.

ಮೈಯೂ ಆ ಕೆಲಸಕ್ಕೆ ತಕ್ಕಂತೆ ಇತ್ತು. ಬೀದರ್ ಕಡೆಯ ಗರಡಿಯಲ್ಲಿ ಮಣ್ಣು ತಿಂದು ಬೆಳೆದ ಮೈ. ಉಪ್ಪಲ್‌ನಲ್ಲಿ ನಾನು ಮೆಟ್ರೊ ಹತ್ತಿದರೆ, ಯಾವ ಬೋಗಿ ತಗ್ಗಿತು ಅಂತ ಡ್ರೈವರ್ ಹಿಂತಿರುಗಿ ನೋಡುತ್ತಿದ್ದ.

ಹೋದ ವರ್ಷ ನಮ್ಮ ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ನಡೆಯಿತು. ಎಳೆಯ ವಯಸ್ಸಿನ ಡಾಕ್ಟರಮ್ಮ ನನ್ನ ಎತ್ತರ ಅಳೆದಳು, ತೂಕ ನೋಡಿದಳು, ಎಂಬತ್ತೇಳು ಕಿಲೊ. ಮೊಬೈಲಿನಲ್ಲಿ ಏನೋ ಒತ್ತಿ, ಬಿಎಂಐ ಮೂವತ್ತೆರಡು ಎಂದಳು. ಮೂವತ್ತು ದಾಟಿದವರು ಕ್ರೇನಿನ ಕ್ಯಾಬಿನ್ ಹತ್ತಬಾರದೆಂದು ಹೊಸ ನಿಯಮ ಬಂದಿತ್ತು. ನನ್ನ ಬಿಪಿ, ಶುಗರ್ ಎರಡೂ ಮಾಂಜ್ರಾ ನದಿಯ ನೀರಿನಷ್ಟು ತಿಳಿಯಾಗಿದ್ದವು. ಬೇಕಾದರೆ ನಿಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡೇ ಏಣಿ ಹತ್ತಿ ತೋರಿಸುತ್ತೇನೆ ಎಂದೆ. ಡಾಕ್ಟರಮ್ಮ ಒಪ್ಪಲಿಲ್ಲ. ಕೆಂಪು ಚೀಟಿ ಬರೆದಳು. ಮರುದಿನದಿಂದ ನನಗೆ ಗೇಟಿನ ಕಾವಲು.

ಕ್ರೇನಿಗೂ ಗೇಟಿಗೂ ಇರುವ ವ್ಯತ್ಯಾಸ ಹತ್ತಿದವನಿಗೇ ಗೊತ್ತು. ಕ್ಯಾಬಿನ್ನಿನಲ್ಲಿ ಕೂತವನು ಒಂಟಿಯೇ, ಆದರೆ ಇಡೀ ಶೆಡ್ಡು ಅವನತ್ತ ಕೈ ಎತ್ತುತ್ತದೆ. ಕೆಳಗೆ ನಿಂತು ಸನ್ನೆ ಮಾಡುವವನು ಹುಮನಾಬಾದಿನ ಸತೀಶ. ಅವನು ಬೆರಳು ತಿರುಗಿಸಿದರೆ ಎತ್ತಬೇಕು, ಅಂಗೈ ಕೆಳಗೆ ಮಾಡಿದರೆ ಇಳಿಸಬೇಕು, ಮುಷ್ಟಿ ಹಿಡಿದರೆ ನಿಲ್ಲಿಸಬೇಕು. ಹದಿನೆಂಟು ವರ್ಷ ನಾವು ಹಾಗೆ ಮಾತಾಡಿದವರು. ಗೇಟಿನಲ್ಲಿ ಲಾರಿಯವರು ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡುತ್ತಿದ್ದರು, ನನ್ನನ್ನಲ್ಲ.

ಕೆಂಪು ಚೀಟಿ ನೋಡಿ ನನ್ನ ಹೆಂಡತಿ ಶಿವದೇವಿ ನಕ್ಕಿದ್ದಳು. "ಅವರ ತಕ್ಕಡಿಗೇ ಜ್ವರ ಬಂದೈತಿ, ಬಿಡ್ರಿ. ನೀವು ಉಣ್ರಿ."

ಅದಾದ ಎರಡು ತಿಂಗಳಿಗೆ ಅವಳು ಹೋದಳು. ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಈ ಒಂದು ಸಂಗತಿಯನ್ನು ದೊಡ್ಡದು ಮಾಡಿ ಹೇಳಲು ನನಗೆ ಬರುವುದಿಲ್ಲ. ನಮಗೆ ಮಕ್ಕಳಿಲ್ಲ.

ನಮ್ಮ ಕಡೆ ಊಟಕ್ಕೆ ಕೂತ ಗಂಡಸು ಎರಡನೆಯ ರೊಟ್ಟಿಗೇ 'ಸಾಕು' ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಅದು ಮರ್ಯಾದೆ. ಅದು ಕೇಳಿಸದ ಹಾಗೆ ಮತ್ತೆ ಬಡಿಸುವುದು ಬಡಿಸುವವರ ಕೆಲಸ. "ಯಾರಿಗೆ ಸಾಕು? ಕೈ ತಗೀರಿ," ಎಂದು ಶಿವದೇವಿ ನನ್ನ ಬೆರಳಿನ ಮೇಲೇ ಬಿಸಿ ರೊಟ್ಟಿ ಇಡುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಇಪ್ಪತ್ತು ರೊಟ್ಟಿ ತಿಂದೆ. ಹೋಗಲಿ, ಏಳು ಅನ್ನಿ. ಅದರಲ್ಲಿ ಐದು 'ಸಾಕು' ಎಂದ ಮೇಲಿನವು.

ಅವಳು ಹೋದ ಮೇಲೆ ನಮ್ಮ ಓಣಿಯ ಸಾಬಮ್ಮನ ಹತ್ತಿರ ಜೋಳದ ರೊಟ್ಟಿ ಕೊಂಡು ತರುತ್ತಿದ್ದೆ. ತಾಟಿಗೆ ನಾನೇ ಹಾಕಿಕೊಂಡು ಕೂರುತ್ತಿದ್ದೆ. ಎರಡನೆಯದಕ್ಕೆ ಬಾಯಿ ತಾನಾಗಿ 'ಸಾಕು' ಎನ್ನುತ್ತಿತ್ತು. ಕೈ ತೆಗೆಯಿರಿ ಎನ್ನುವವರಿರಲಿಲ್ಲ. ಉಳಿದದ್ದನ್ನು ಮುಚ್ಚಿಡುತ್ತಿದ್ದೆ. ಆಮೇಲೆ ಒಂದಕ್ಕೇ ಸಾಕಾಯಿತು. ಕೆಲವು ದಿನ ಚಹಾಕ್ಕೇ.

ಮೈ ಇಳಿಯಿತು. ಸತೀಶ ಗೇಟಿಗೆ ಬಂದಾಗಲೆಲ್ಲ ಕೇಳುತ್ತಿದ್ದ. "ಏನ್ ಗುಟ್ಟ್ರಿ ಕಾಕಾ? ನಿಂತ ನಿಂತಲ್ಲೇ ಕರಗಾಕತ್ತೀರಿ."

"ದಿನಾ ಮುಂಜಾನೆ ಉಪ್ಪಲ್ ಸ್ಟೇಡಿಯಂ ಒಳಗ ಐವತ್ತು ಸುತ್ತು ಓಡ್ತೀನಿ."

"ಒಳಗ ಯಾರ್ ಬಿಡ್ತಾರ್ರಿ ನಿಮ್ಮನ್ನ?"

"ಪಿಚ್ ಗಟ್ಟಿ ಆಗ್ಲಿ ಅಂತ ಅವರೇ ಕರೀತಾರ."

ಅವನು ನಕ್ಕು ಹೋಗುತ್ತಿದ್ದ. ನಕ್ಕವನು ಮತ್ತೇನೂ ಕೇಳುವುದಿಲ್ಲ, ಅದು ನನಗೆ ಅನುಕೂಲವೇ ಆಗಿತ್ತು.

ಈ ವರ್ಷದ ಶಿಬಿರದಲ್ಲಿ ಅದೇ ಡಾಕ್ಟರಮ್ಮ, ಅದೇ ತಕ್ಕಡಿ. ಅರವತ್ತೆರಡು ಕಿಲೊ. ಬಿಎಂಐ ಇಪ್ಪತ್ತೆರಡು ಪಾಯಿಂಟ್ ಎಂಟು. "ಅಂಕಲ್, ಆಪ್ ತೋ ಏಕ್‌ದಮ್ ಫಿಟ್ ಹೈ," ಎಂದು ಹಸಿರು ಚೀಟಿ ಕೊಟ್ಟಳು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಇಪ್ಪತ್ತೈದು ಕಿಲೊ ಎಲ್ಲಿ ಹೋಯಿತು ಎಂದು ಕೇಳುವ ಜಾಗ ಅವಳ ಫಾರ್ಮಿನಲ್ಲಿ ಇರಲಿಲ್ಲ. ಏಣಿಗೆ ಮರಳುವ ಆಸೆಗೆ ನಾನೂ ಬಾಯಿ ಬಿಡಲಿಲ್ಲ. ವಾರದಿಂದ ಎದ್ದರೆ ತಲೆ ಸುತ್ತುತ್ತಿತ್ತು.

ಮರುದಿನ ಗುರುವಾರ. ಬೆಲ್ಟಿಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದುಕೊಂಡು ಏಣಿಗೆ ಕೈ ಹಾಕಿದೆ. ಒಂದು ಕಾಲಕ್ಕೆ ನಾಲ್ಕು ನಾಲ್ಕು ಮೆಟ್ಟಿಲು ಹಾರಿ ಹೋಗುತ್ತಿದ್ದವನು, ಅಂದು ಒಂಬತ್ತನೆಯದರಲ್ಲಿ ನಿಂತು ಚಾವಣಿಯ ತಗಡನ್ನು ಪರೀಕ್ಷಿಸುವವನಂತೆ ನಟಿಸಿದೆ. ಅಂತೂ ಕ್ಯಾಬಿನ್ನಿನಲ್ಲಿ ಕೂತೆ. ಕೆಳಗೆ ಸತೀಶ ಕೈ ಎತ್ತಿದ. ಅವನ ಹಿಂದೆ ಹುಡುಗರೆಲ್ಲ ಕೈ ಎತ್ತಿದರು. ಹದಿನಾಲ್ಕು ತಿಂಗಳಲ್ಲಿ ಅಷ್ಟು ಜನ ನನ್ನನ್ನು ಒಟ್ಟಿಗೆ ನೋಡಿರಲಿಲ್ಲ. ಕಣ್ಣು ತುಂಬಿತು. ಧೂಳು ಅಂದುಕೊಳ್ಳಿ.

ಸತೀಶ ಬೆರಳು ತಿರುಗಿಸಿದ. ಡ್ರಮ್ ಮೇಲೆದ್ದಿತು. ಆಳೆತ್ತರ ದಾಟುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು. ಸತೀಶ ಇಬ್ಬರಾದ. ಇಬ್ಬರೂ ಬಲಕ್ಕೆ ಒಯ್ಯಿರಿ ಎಂದು ಕೈ ಬೀಸುತ್ತಿದ್ದರು. ಬಲಕ್ಕೆ ಒಯ್ದರೆ ಡ್ರಮ್ ಅವನ ತಲೆಯ ಪಕ್ಕದಲ್ಲೇ ಹಾಯಬೇಕು. ಹಾರ್ನ್ ಒತ್ತಿದೆ. ಎಲ್ಲರೂ ದೂರ ಸರಿದ ಮೇಲೆ, ಸನ್ನೆ ಇಲ್ಲದೆಯೇ, ಎತ್ತಿದ ಜಾಗದಲ್ಲೇ ಮೆಲ್ಲಗೆ ಇಳಿಸಿದೆ. ಆಮೇಲೆ ಒಂದೊಂದೇ ಮೆಟ್ಟಿಲು ತಡಕಿ ಕೆಳಗೆ ಬಂದೆ.

ಮ್ಯಾನೇಜರ್ ಓಡಿ ಬಂದು, ಬ್ರೇಕ್ ಕೆಟ್ಟಿತಾ ಎಂದು ತೆಲುಗಿನಲ್ಲಿ ಕೇಳಿದ. ಹೌದು ಎನ್ನಲು ನನಗೆಷ್ಟು ಹೊತ್ತು? ಬ್ರೇಕಿನ ಬಗ್ಗೆ ಅರ್ಧ ಗಂಟೆಯ ಕಥೆ ನಾಲಿಗೆಯ ತುದಿಯಲ್ಲೇ ಇತ್ತು. ಮೆಕ್ಯಾನಿಕ್ ಬರುತ್ತಾನೆ, ಎರಡು ದಿನ ಬಿಚ್ಚಿ ನೋಡುತ್ತಾನೆ, ಏನೂ ಸಿಗುವುದಿಲ್ಲ. ಮೂರನೆಯ ದಿನ ನಾನು ಮತ್ತೆ ಮೇಲೆ, ಸತೀಶ ಮತ್ತೆ ಕೆಳಗೆ.

"ಕ್ರೇನ್ ಛಲೋ ಐತಿ," ಎಂದೆ. ಗಾಬರಿಯಲ್ಲಿ ಕನ್ನಡವೇ ಬಂತು. "ನಾನು ಛಲೋ ಇಲ್ಲ."

ಸತೀಶ ಅದನ್ನು ತೆಲುಗಿನಲ್ಲಿ ಹೇಳಿದ. ನಿನ್ನೆಯಷ್ಟೇ ನಾರ್ಮಲ್ ಎಂದು ಬರೆದಿದ್ದಾರಲ್ಲ ಎಂದ ಮ್ಯಾನೇಜರ್. ಜೇಬಿನಿಂದ ಹಸಿರು ಚೀಟಿ ತೆಗೆದು ಅವನ ಕೈಗೆ ಕೊಟ್ಟುಬಿಟ್ಟೆ. ಅವನು ಅದನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, ಬೇರೆಯವನನ್ನು ಮೇಲೆ ಹತ್ತಿಸಿದ. ಹುಡುಗರ ಕೈಗಳು ಅವನತ್ತ ಎದ್ದವು.

ಸತೀಶ ನನ್ನನ್ನು ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಸೋಮವಾರದಿಂದ ಏನೇನ್ ಉಂಡೀರಿ ಕಾಕಾ? ಖರೇ ಹೇಳ್ರಿ."

ಇದ್ದದ್ದನ್ನು ಇದ್ದಂತೆ ಹೇಳಲು ಶುರು ಮಾಡಿದೆ. ಬೇಗ ಮುಗಿದುಹೋಯಿತು.